ಬೀಗ ಹಾಕಿದ ಮನೆಗೆ ನಲವತ್ತು ಸಲ

ಗಜೇಂದ್ರಗಡದ ನೇಕಾರ ಕಳಕೇಶನ ಅನುಮಾನ ಎಂಥದೆಂದರೆ, ನೆರಳು ಹಿಂದೆ ಬಂದರೆ ಅದಕ್ಕೂ ಯಾವೂರೆಂದು ಕೇಳುತ್ತಿದ್ದ. ತನ್ನಲ್ಲಿ ಬಿಟ್‌ಕಾಯಿನ್ ಎಂಬ ಇಂಟರ್ನೆಟ್ಟಿನ ಹಣ ಇದೆಯೆಂದು ಹೆಂಡತಿ ಅನ್ನಪೂರ್ಣಾಗೂ ಹೇಳಿರಲಿಲ್ಲ. ಅದರ ಲೆಕ್ಕವನ್ನು ಕಂಪನಿಯ ಸರ್ವರಿನಲ್ಲಿ ನೋಡಿದರೆ ಕಂಪನಿಯವರಿಗೆ ಗುಟ್ಟು ತಿಳಿಯುತ್ತದೆಂದು ಮಗ್ಗದ ಹಿಂದಿನ ಗೂಡಿನಲ್ಲಿ ಸ್ವಂತ ಸರ್ವರನ್ನೇ ಕೂರಿಸಿದ್ದ. ಎಲ್ಲಿದ್ದರೂ ಫೋನಿನಿಂದ ಆ ಯಂತ್ರವನ್ನೇ ಕೇಳಿ ಲೆಕ್ಕ ನೋಡುತ್ತಿದ್ದ. ಸರ್ವರು ತನ್ನದು, ಫೋನು ತನ್ನದು. ನಡುವೆ ಮೂರನೆಯವನು ಯಾರಿದ್ದಾನೆ?

ಮೂರನೆಯವನು ಕೊಣ್ಣೂರಿನಲ್ಲಿದ್ದ. ಅನ್ನಪೂರ್ಣಾಳ ತಮ್ಮ ಮುತ್ತಣ್ಣ, ಊರಿಗೆಲ್ಲ ಇಂಟರ್ನೆಟ್ ಎಳೆದುಕೊಟ್ಟವನು. ಅಕ್ಕನ ಜೊತೆ ಮನೆಗೆ ಬಂದ ಅವಳ ಗಂಡನಿಗೆ ಕಾಲಿಗೆ ನೀರು ಕೊಟ್ಟ ಮರುಗಳಿಗೆಗೇ ವೈಫೈ ಪಾಸ್‌ವರ್ಡನ್ನೂ ಕೊಟ್ಟಿದ್ದ.

ಮರುದಿನ ರೊಟ್ಟಿಗೆ ಕೂತಾಗ ಮುತ್ತಣ್ಣ ಕೇಳಿದ, "ಮಾವಾರ, ಗಜೇಂದ್ರಗಡದ ಮನ್ಯಾಗ ಯಾರ ಅದಾರ್ರಿ?"

"ಯಾರೂ ಇಲ್ಲ. ಕೀಲಿ ಹಾಕ್ಕೊಂಡ ಬಂದೀವಿ."

"ನಿಮ್ಮ ಫೋನು ನಿನ್ನಿಂದ ನಲವತ್ತ ಸಲ ಆ ಮನಿ ಕೂಡ ಮಾತಾಡೈತಲ್ರಿ. ನಮ್ಮ ನೆಟ್ಟಿನ ಡಬ್ಬಿಯೊಳಗ ಹೆಸರು ಬಂದೈತಿ, ಕಳಕೇಶ ಮಗ್ಗದಮನಿ ಅಂತ."

ನೇಯ್ದ ಸೀರೆಗೆಲ್ಲ ಹೆಸರಿನ ಚೀಟಿ ಹಚ್ಚುವ ರೂಢಿಯವನು, ಸರ್ವರಿನ ವಿಳಾಸಕ್ಕೂ ಅದೇ ಹೆಸರು ಇಟ್ಟಿದ್ದ.

ಅತ್ತೆ ಮಾನವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಆ ಸದ್ದು ನಿಂತದ್ದು ನರಗುಂದದವರೆಗೂ ಕೇಳಿಸಿರಬೇಕು.

"ಏನ ಮಾತಾಡಿದ್ದು, ಅದೂ ಬರತೈತೇನು?" ಕಳಕೇಶ ಕೇಳಿದ.

"ಅದು ಕಾಣಂಗಿಲ್ರಿ. ಯಾರ ಮನಿಗೆ, ಎಷ್ಟ ಸಲ, ಅಷ್ಟ," ಎಂದು ಮುತ್ತಣ್ಣ ನಕ್ಕ.

ಕಳಕೇಶನಿಗೆ ಅನುಮಾನ: ಅಷ್ಟೇ ಏನು? ಈ ನಗುವವನನ್ನು ನಂಬುವುದು ಹೇಗೆ? ತನ್ನ ಅವ್ವನಿಗೆ ಬಿಟ್‌ಕಾಯಿನ್ನಿನ ಗುಟ್ಟು ಆಗಲೇ ಹೇಳಿದ್ದಾನೋ?

"ಯಾರ ಜೋಡಿ ಮಾತು?" ಅನ್ನಪೂರ್ಣಾ ತಣ್ಣಗೆ ಕೇಳಿದಳು.

"ಯಂತ್ರದ ಜೋಡಿ."

"ಯಂತ್ರಕ್ಕ ನಲವತ್ತ ಸಲ ಉಂಡಿ ಏನ ಅಂತ ಕೇಳತಾರ?"

"ಅಳಿಯಂದ್ರ, ಆಕಿ ಹೆಸರರ ಹೇಳ್ರಿ," ಅಂದಳು ಮಾನವ್ವ.

ಸುಮ್ಮನಿದ್ದರೆ ಸಂಸಾರ ಹೋಗುತ್ತದೆ, ಬಾಯಿ ಬಿಟ್ಟರೆ ಗುಟ್ಟು. ಕಂಪನಿಯಿಂದಲೂ ಕಳ್ಳರಿಂದಲೂ ಬಚ್ಚಿಟ್ಟದ್ದನ್ನು ಕಳಕೇಶ ಮಾವನ ಮನೆಯ ನಡುಮನೆಯಲ್ಲಿ, ಎಲ್ಲರೆದುರು, ತಾನೇ ಒದರಿದ.

"ಬಿಟ್‌ಕಾಯಿನ್ ಅದಾವ. ಆ ಯಂತ್ರ ಅವನ್ನ ನೋಡಾಕ."

ಯಾರೂ ನಂಬಲಿಲ್ಲ.

"ಇದಕಿಂತ ಚಲೋ ಸುಳ್ಳ ಹೇಳಬೇಕಿತ್ತ," ಅಂದಳು ಅನ್ನಪೂರ್ಣಾ. "ಲಗೂ ಉಣ್ರಿ. ಇವತ್ತ ಊರಿಗೆ ಹೋಗಿ ಆ ಯಂತ್ರ ನಾನ ನೋಡತೀನಿ."

ಬಸ್ಸು ರೋಣ ದಾಟಿ ಗಜೇಂದ್ರಗಡ ಮುಟ್ಟುವವರೆಗೂ ಅವನ ಫೋನು ಅವಳ ಮಡಿಲಲ್ಲೇ ಇತ್ತು.