ಬಾಣಂತಿಗೆ ಗಾಳಿ ಸೋಕಬಾರದು

ಶಾಂತಾದೇವಿ ಅಂಗಳದಲ್ಲಿ ಮೂರು ಕಲ್ಲು ಹೂಡಿ ಬಾಣಂತಿ ಸೊಸೆಗೆ ಅಳವಿ ಬೀಜದ ಪಾಯಸ ಕುದಿಸುತ್ತಿದ್ದಳು. ಅಡುಗೆಮನೆಗೆ ಹೋಗಲು ಧೈರ್ಯವಿರಲಿಲ್ಲ. ನಿನ್ನೆಯ ಭೂಕಂಪಕ್ಕೆ ಉಮದಿ ಊರಿನ ಅರ್ಧ ಮನೆಗಳು ನೆಲಕಚ್ಚಿದ್ದವು. ಅವಳ ಮನೆ ನಿಂತಿತ್ತು, ಆದರೆ ಗೋಡೆಯ ಬಿರುಕಿನಲ್ಲಿ ಕೈ ತೂರುವಂತಿತ್ತು. ಮಗ ಬಸಗೊಂಡ ಮಣ್ಣಿನಡಿ ಸಿಕ್ಕವರನ್ನು ತೆಗೆಯಲು ಹೋಗಿದ್ದ. ಊರಿಗೆ ಊರೇ ಶಾಲೆಯ ಮೈದಾನ ಸೇರಿತ್ತು.

ಸೊಸೆ ದೀಪಾಲಿ ಮಾತ್ರ ಒಳಕೋಣೆಯಲ್ಲಿದ್ದಳು. ಹಸಿ ಬಾಣಂತಿ, ಕಿವಿಗೆ ಬಟ್ಟೆ ಕಟ್ಟಿ, ಕಿಟಕಿ ಮುಚ್ಚಿ, ಕೂಸಿನೊಂದಿಗೆ ಮಲಗಬೇಕು, ಗಾಳಿ ಸೋಕಬಾರದು. ಭೂಮಿ ನಡುಗಿದರೂ ಶಾಂತಾದೇವಿಯ ಹಠ ನಡುಗಿರಲಿಲ್ಲ.

ಆಶಾ ಕಾರ್ಯಕರ್ತೆ ಮೋನಾಲಿ ಏದುಸಿರು ಬಿಡುತ್ತ ಬಂದಳು.

“ಅಮ್ಮಾರ, ಇನ್ನೂ ಒಳಗ ಇಟ್ಟೀರೇನ್ರಿ? ಮೈದಾನಕ್ಕ ಡಾಕ್ಟರ್ ಬಂದಾರ. ಬಾಣಂತ್ಯಾರಿಗೆ ಬ್ಯಾರೆ ತಂಬು ಹಾಕೀವಿ. ಲಗೂನ ಕರಕೊಂಡ ಬರ್ರಿ.”

“ಗಾಳಿ ಬಡದು ಸನ್ನಿ ಆದ್ರ ನೀ ನೋಡಾಕೀ ಏನ? ನನ್ನ ತಂಗಿ ಹಂಗ ಸತ್ತಳವ್ವ. ಕಣ್ಣಾರೆ ಕಂಡೀನಿ.”

ಮೋನಾಲಿ ದನಿ ತಗ್ಗಿಸಿದಳು. “ನಿಮ್ಮ ಅಂಜಿಕಿ ಖೋಟಾ ಅಲ್ರಿ. ಬೆಚ್ಚಗ ಇಡೂದು ನಮಗೂ ಬೇಕು, ಅಲ್ಲೆ ಕಂಬಳಿ ಅದಾವು. ಆದ್ರ ಈ ಗ್ವಾಡಿ ಬಿದ್ರ?”

ಮಾತು ಮುಗಿಯುವಷ್ಟರಲ್ಲಿ ನೆಲ ಗುರ್ರೆಂದಿತು. ಪಾಯಸದ ಪಾತ್ರೆ ಉರುಳಿತು. ಶಾಂತಾದೇವಿ ತನಗರಿವಿಲ್ಲದೆಯೇ ಬೇವಿನ ಮರದವರೆಗೆ ಓಡಿಬಿಟ್ಟಿದ್ದಳು.

“ಅತ್ತೀ! ನನಗ ಅಂಜಿಕಿ ಬರಾಕತ್ತೈತ್ರಿ! ಒಳಗ ಬರ್ರೀ!” ದೀಪಾಲಿ ಚೀರಿದಳು.

ಶಾಂತಾದೇವಿ ಮರ ಬಿಟ್ಟು ಕದಲಲಿಲ್ಲ. ನಿನ್ನೆಯಿಂದ ಅವಳು ಆ ಕೋಣೆಗೆ ಕಾಲಿಟ್ಟಿರಲೇ ಇಲ್ಲ. ಊಟದ ತಾಟನ್ನೂ ಬಾಗಿಲಿನಿಂದಲೇ ಒಳಗೆ ಸರಿಸಿ ಓಡಿಬಂದಿದ್ದಳು. ತಾನು ಹೋಗಲು ಹೆದರುವ ಜಾಗದಲ್ಲಿ ಎಳೆಗೂಸನ್ನು ಮಲಗಿಸಿದ್ದಳಲ್ಲ! ನಾಚಿಕೆಯಿಂದ ಕುಗ್ಗಿಹೋದಳು.

ಮೋನಾಲಿ ಬಾಗಿಲತ್ತ ಧಾವಿಸಿದಳು. ಶಾಂತಾದೇವಿ ಓಡಿಬಂದು ಅವಳ ತೋಳು ಹಿಡಿದಳು. “ಬ್ಯಾಡ. ಒಳಗ ಇಟ್ಟಾಕಿ ನಾನು.”

ಮಣ್ಣು ಉದುರುತ್ತಿದ್ದ ಕೋಣೆಗೆ ನುಗ್ಗಿ, ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು, ಸೊಸೆಯ ಕೈ ಹಿಡಿದು ಹೊರಗೆ ಬಂದಳು.

ತಂಬಿನಲ್ಲಿ ಡಾಕ್ಟರು ದೀಪಾಲಿಯ ಮೈ ಮುಟ್ಟಿ ನೋಡಿ, ಸಣ್ಣ ಜ್ವರವಿದೆಯೆಂದು ಗುಳಿಗೆ ಕೊಟ್ಟರು. ಕಂಬಳಿಯೊಳಗೆ ಕೂಸು ಹಾಲು ಕುಡಿಯತೊಡಗಿತು. ಮೋನಾಲಿ ಮತ್ತೆ ಚೀಲ ಹೆಗಲಿಗೇರಿಸಿದ್ದನ್ನು ಕಂಡು ಶಾಂತಾದೇವಿ ಕೇಳಿದಳು: “ಎಲ್ಲಿಗೆ ಹೊಂಟಿ?”

“ಸಿದ್ದಲಿಂಗವ್ವನ ಮನಿಗ್ರಿ. ಆಕಿ ಬಾಣಂತಿ ಸೊಸೀನೂ ಒಳಗ ಅದಾಳ. ಎಷ್ಟ ಹೇಳಿದ್ರೂ ಕೇಳವಲ್ರು. ಶಾಂತಾದೇವಿಯವರು ತಮ್ಮ ಸೊಸೀನ ಹೊರಗ ತಂದಾರೇನು ಅಂತ ನನ್ನೇ ಕೇಳ್ತಾರ.”

ಗೋಣು ತಗ್ಗಿಸಿ ಕುಳಿತಿದ್ದ ಶಾಂತಾದೇವಿ ಕೂಸಿನ ಮೇಲಿನ ಕಂಬಳಿ ಸರಿಮಾಡಿ ಎದ್ದು ನಿಂತಳು.

“ನಡೀ. ನಾನೂ ಬರತೀನಿ.”