ಸಾಸಿವೆಯ ಕಾರ್ಡು ಯಾಕೆ ದಪ್ಪ

೧

ಹೇಗೆ ಶುರು ಮಾಡುವುದು ಎಂಬುದೇ ಮೊದಲ ಫಜೀತಿ.

ಹಳೆಯ ಕಾವ್ಯದ ಕ್ರಮವಾದರೆ ಗೊತ್ತಿರುವಂಥದ್ದೇ. ಮೊದಲು ದೇವರಿಗೆ ಕೈಮುಗಿಯಬೇಕು. ಆಮೇಲೆ ಕಡಲು, ಬೆಟ್ಟ, ಪುರ, ಪುರದ ಅರಸ, ಅರಸನ ಪಟ್ಟದಾನೆ. ನಾಯಿಯ ಸರದಿ ಬರುವ ಹೊತ್ತಿಗೆ ಕೇಳುವವರು ಗೋಡೆಗೊರಗಿ ತೂಕಡಿಸಿರುತ್ತಾರೆ. ನಮಗೆ ಅಷ್ಟು ವ್ಯವಧಾನವಿಲ್ಲ. ಐದು ಗಂಟೆಗೆ ವ್ಯಾನ್ ಬರುತ್ತದೆ.

ಆದ್ದರಿಂದ ಕೈಮುಗಿದದ್ದಾಯಿತು (ಮನಸ್ಸಿನಲ್ಲೇ, ನಿಮಗೆ ಕಾಣಲಿಲ್ಲ). ಪುರವರ್ಣನೆ: ಒಂದು ಕಾಲಕ್ಕೆ ಟೈರ್ ಗೋದಾಮಾಗಿದ್ದ ಉದ್ದನೆಯ ಶೆಡ್ಡು, ಒಂಬತ್ತು ಪಂಜರ, ನಡುವೆ ಹರಿಯುವ ಒಂದು ಮೋರಿ, ಬಾಗಿಲ ಬಳಿ ಕಾಲು ಅಲ್ಲಾಡುವ ಮೇಜು. ಅರಸನಿಲ್ಲ. ಮೇಜಿನ ಹಿಂದೆ ಅಕ್ಕ ಇದ್ದಾಳೆ.

ಬೀದಿಯಲ್ಲಿ ಸಿಕ್ಕ, ಪೆಟ್ಟು ತಿಂದ, ಬಿಟ್ಟುಹೋದ ನಾಯಿಗಳನ್ನು ಇಲ್ಲಿಗೆ ತರುತ್ತಾರೆ. ವಾಸಿ ಮಾಡಿ ಯಾರದಾದರೂ ಮನೆಗೆ ಕೊಡುತ್ತಾರೆ. ಅಕ್ಕ ಎಲ್ಲರಿಗೂ ಅಕ್ಕ. ಪಂಜರ ತೊಳೆಯುವ ಮುದುಕ ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವನು; ಅವನೂ ಅಕ್ಕ ಎನ್ನುತ್ತಾನೆ, ಅವಳು ಅವನನ್ನು ತಾತ ಎನ್ನುತ್ತಾಳೆ, ಲೆಕ್ಕ ಯಾರೂ ಕೇಳಿಲ್ಲ. ಅವಳ ಕೆಲಸ ಬರೆಯುವುದು. ಪ್ರತಿ ಪಂಜರದ ಬಾಗಿಲಿಗೂ ಒಂದು ರಟ್ಟಿನ ಕಾರ್ಡು ನೇತಾಡುತ್ತದೆ. ಒಳಗಿರುವ ನಾಯಿ ಎಂಥದ್ದು ಎಂದು ನಾಲ್ಕು ಸಾಲು. ಜನ ಮೊದಲು ಕಾರ್ಡು ಓದುತ್ತಾರೆ, ಆಮೇಲೆ ನಾಯಿಯನ್ನು ನೋಡುತ್ತಾರೆ.

೧, ಇನ್ನೊಮ್ಮೆ

ನಿಜ ಹೇಳಬೇಕೆಂದರೆ ನಾನು ಮೊದಲು ಬರೆದ ಸಾಲು ಬೇರೆ. "ಅದರ ಕಣ್ಣಿನಲ್ಲಿ ಇಡೀ ಲೋಕದ ದುಃಖ ಮಡುಗಟ್ಟಿತ್ತು." ಬರೆದು, ಸ್ವಲ್ಪ ಹಿಂದೆ ಸರಿದು ಮೆಚ್ಚಿಕೊಂಡೆ. ಅಕ್ಕ ಓದಿದಳು.

"ದುಃಖ ಅಲ್ಲ ಅದು, ಪಿಸುರು," ಎಂದಳು. "ದಿನಾ ಬೆಳಿಗ್ಗೆ ಹತ್ತಿ ನೆನೆಸಿ ಒರೆಸೋಳು ನಾನು."

ಹೊಡೆದುಹಾಕಿದೆ. ಇದ್ದದ್ದು ಇದ್ದಹಾಗೆ ಹೇಳುತ್ತೇನೆ. ಏಳನೇ ಪಂಜರದಲ್ಲಿ ಒಂದು ಸಣ್ಣ ನಾಯಿ. ಬಣ್ಣಕ್ಕೂ ಗಾತ್ರಕ್ಕೂ ಒಪ್ಪುವಂತೆ ತಾತ ಅದನ್ನು ಸಾಸಿವೆ ಎಂದು ಕರೆದ, ಅದೇ ನಿಂತಿತು. ತೂಕ ಐದು ಕಿಲೋ ನಾನೂರು ಗ್ರಾಮ್. ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿದ್ದು. ಕೆಟ್ಟು ನಿಂತ ಲಾರಿಯೊಂದರ ಅಡಿಯಲ್ಲಿ, ಹಿಂಗಾಲಿಗೆ ಹಗ್ಗ ಸುತ್ತಿಕೊಂಡು ಬಿದ್ದಿತ್ತು. ಬಿಡಿಸುವಾಗಲೂ ಕಚ್ಚಲಿಲ್ಲ. ಬಂದು ಹದಿನಾಲ್ಕು ತಿಂಗಳಾದರೂ ಬೊಗಳಿಲ್ಲ. ಬಿಸ್ಕತ್ತನ್ನು ಕೈಯಿಂದ ತೆಗೆದುಕೊಳ್ಳುವುದಿಲ್ಲ; ನೆಲದ ಮೇಲಿಟ್ಟು ನಾಲ್ಕು ಹೆಜ್ಜೆ ಹಿಂದೆ ಹೋದರೆ ಬಂದು ಮೂಸುತ್ತದೆ, ನಮ್ಮ ಮುಖ ನೋಡುತ್ತದೆ, ಆಮೇಲೆ ತಿನ್ನುತ್ತದೆ. ಅನುಮತಿ ಕೇಳಿದ ಹಾಗೆ.

(ಅನುಮತಿ ಕೇಳಿದ ಹಾಗೆ ಎಂಬುದು ನನ್ನ ಸೇರ್ಪಡೆ. ಕ್ಷಮೆ ಇರಲಿ.)

೨

ವ್ಯಾನಿನ ವಿಷಯ ಹೇಳಿಬಿಡಬೇಕು.

ಎರಡು ಸಲ ಮನೆಗೆ ಹೋಗಿ ವಾಪಸ್ ಬಂದ, ವರ್ಷ ದಾಟಿದ ನಾಯಿಯನ್ನು ಊರಾಚೆಯ ದೊಡ್ಡ ಅಂಗಳಕ್ಕೆ ಕಳಿಸಬೇಕು ಎಂಬುದು ಇಲ್ಲಿನ ನಿಯಮ. ನಿಯಮ ಮಾಡಿದವರು ಕೆಟ್ಟವರೇನಲ್ಲ, ಪಂಜರ ಒಂಬತ್ತೇ. ಇವತ್ತು ಐದಕ್ಕೆ ಅದೇ ವ್ಯಾನಿನಲ್ಲಿ ಆರು ಹಸಿ ಮರಿಗಳ ಜೊತೆ ಒಂದು ತಾಯಿ ಬರುತ್ತದೆ. ಅದಕ್ಕೆ ಜಾಗ ಬೇಕು. ಏಳನೇ ಪಂಜರ ಖಾಲಿ ಮಾಡಿ ಎಂದು ಬೆಳಿಗ್ಗೆ ಫೋನ್ ಬಂದಿದೆ.

ದೊಡ್ಡ ಅಂಗಳವನ್ನು ಅಕ್ಕ ಒಮ್ಮೆ ನೋಡಿ ಬಂದಿದ್ದಳು. ಇನ್ನೂರು ನಾಯಿ, ಉದ್ದನೆಯ ಮೂರು ತೊಟ್ಟಿ, ದಿನಕ್ಕೆರಡು ಸಲ ಊಟ. ಯಾರೂ ಹೊಡೆಯುವುದಿಲ್ಲ. ನುಗ್ಗಿದವರಿಗೆ ಊಟ, ನುಗ್ಗದವರಿಗೆ ತೊಟ್ಟಿಯ ವಾಸನೆ. ನಾಲ್ಕು ಹೆಜ್ಜೆ ಹಿಂದೆ ಹೋಗಿ ನಿಲ್ಲುವವರು ಅಲ್ಲಿ ಯಾರಿದ್ದಾರೆ?

೪

(ಮೂರನ್ನು ಕಿತ್ತುಹಾಕಿದೆ. ಅದರಲ್ಲಿ ಅಕ್ಕನ ಗಂಡ ಬರುತ್ತಿದ್ದ. ಅಷ್ಟು ಕರುಳು ಕಿತ್ತು ಬರುವುದಾದರೆ ಅವಳೇ ಮನೆಗೆ ಕರೆದೊಯ್ಯಬಾರದೇ ಎಂದು ನೀವು ಕೇಳುತ್ತೀರಿ ಎಂದು ಮೊದಲೇ ಉತ್ತರ ಬರೆದಿಟ್ಟಿದ್ದೆ. ಉತ್ತರ ಇಷ್ಟೇ: ಎರಡು ಕೋಣೆಯ ಮನೆಯಲ್ಲಿ ಈಗಾಗಲೇ ಮೂರು ನಾಯಿಗಳಿವೆ, ಅದರಲ್ಲೊಂದು ಸಣ್ಣದನ್ನು ಕಂಡರೆ ಹರಿಹಾಯುತ್ತದೆ. ಗಂಡ ಹೇಳಿದ್ದಾನೆ: ಇನ್ನೊಂದು ಬಂದರೆ ನಾನು ಹೋಗಿ ಏಳನೇ ಪಂಜರದಲ್ಲಿ ಕೂರುತ್ತೇನೆ, ಕಾರ್ಡು ನೀನೇ ಬರಿ.)

ಮೂರೂ ನಲವತ್ತಕ್ಕೆ ಗಡಿಯಾರದವರು ಬಂದರು.

ಅರವತ್ತು ದಾಟಿದ ಮನುಷ್ಯ. ಅಂಗಿಯ ಜೇಬಿನಲ್ಲಿ ಚಿಮ್ಮಟ, ಹಣೆಯ ಮೇಲಕ್ಕೆ ಏರಿಸಿಟ್ಟ ಒಂಟಿಗಣ್ಣಿನ ಮಸೂರ. ತೆಗೆಯಲು ಮರೆತು ಹಾಗೇ ಬಸ್ಸಿನಲ್ಲಿ ಬಂದಿದ್ದರು. ಎಂಟಡಿ ಅಗಲದ ರಿಪೇರಿ ಅಂಗಡಿ, ಮೇಲೆ ಮನೆ, ಎರಡರಲ್ಲೂ ಅವರೊಬ್ಬರೇ. ತಮಗೆ ಬೊಗಳದ ನಾಯಿ ಬೇಕು ಎಂದರು. ಅಕ್ಕನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಬರುವವರೆಲ್ಲ ಬೊಗಳುವ ನಾಯಿ ಕೇಳುವವರೇ.

"ಗಡಿಯಾರದ ಸದ್ದು ಕೇಳ್ಕೊಂಡೇ ನಾನು ಅದರ ಕಾಯಿಲೆ ಹೇಳೋದಮ್ಮ," ಎಂದರು. "ಪಕ್ಕದಲ್ಲಿ ಗಲಾಟೆ ಇದ್ರೆ ನಾನು ಕಿವುಡ."

ಅಕ್ಕ ಅವರನ್ನು ನೇರ ಏಳನೇ ಪಂಜರಕ್ಕೆ ಕರೆದೊಯ್ದಳು. ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ, ಇವರು ಇದನ್ನೂ ಕೇಳಿ ಕಾಯಿಲೆ ಹೇಳಿಯಾರು ಎಂದು ಹೆದರಿದಳು. ಅವರು ಕಾರ್ಡು ಓದಿದರು. "ಸಾಸಿವೆ. ಮೂರು ವರ್ಷ. ಬಲು ಮೆದು. ಕರೆದರೆ ಓಡಿ ಬರುತ್ತದೆ."

"ಕರೀರಿ ನೋಡೋಣ," ಎಂದರು.

ಅಕ್ಕ ಕರೆದಳು. ಸಾಸಿವೆ ಮೂಲೆಗೆ ಇನ್ನಷ್ಟು ಅಂಟಿಕೊಂಡಿತು.

ಗಡಿಯಾರದವರು ಕಾರ್ಡಿನ ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಮೆಲ್ಲನೆ ಉಜ್ಜಿದರು. ಪಕ್ಕದ ಪಂಜರದ ಕಾರ್ಡನ್ನೂ ಹಾಗೇ ಉಜ್ಜಿ ನೋಡಿದರು. ಮತ್ತೆ ಇದಕ್ಕೆ ಬಂದರು. ಮಸೂರ ಕಣ್ಣಿಗಿಳಿಯಿತು, ಜೇಬಿನ ಚಿಮ್ಮಟ ಕೈಗೆ ಬಂತು.

ಇಲ್ಲಿ ಕಾರ್ಡಿನ ವಿಷಯ ಹೇಳಲೇಬೇಕು. ದಪ್ಪ ರಟ್ಟು ಸುಲಭಕ್ಕೆ ಸಿಗದು. ಹಾಗಾಗಿ ನಾಯಿ ವಾಪಸ್ ಬಂದರೆ ಅಕ್ಕ ಹಳೆಯ ಬರಹದ ಮೇಲೆಯೇ ಹೊಸ ಹಾಳೆ ಅಂಟಿಸಿ ಬರೆಯುತ್ತಿದ್ದಳು. ಹದಿನಾಲ್ಕು ತಿಂಗಳಲ್ಲಿ ಯಾರಿಗೂ ಅದು ತಿಳಿದಿರಲಿಲ್ಲ. ಕೂದಲೆಳೆಯ ದಪ್ಪ ಅಳೆದು ಹೊಟ್ಟೆ ಹೊರೆಯುವವನೊಬ್ಬ ಬಂದು ನಿಲ್ಲುತ್ತಾನೆ ಎಂದು ಅವಳಾದರೂ ಎಣಿಸಿದ್ದಳೇ?

ಮೇಲಿನ ಹಾಳೆ ಮೂಲೆಯಿಂದ ಸಲೀಸಾಗಿ ಎದ್ದಿತು. ಅದರ ಕೆಳಗೆ: "ಮನೆಗೆ ಒಳ್ಳೆ ಕಾವಲು. ಚುರುಕು ಕಿವಿ." ಅದರ ಕೆಳಗೆ: "ತುಂಟ ಮರಿ. ಮಕ್ಕಳ ಗೆಳೆಯ."

"ಈ ಮೂರರಲ್ಲಿ ಒಳಗಿರೋ ನಾಯಿ ಯಾವುದಮ್ಮ?"

ದನಿ ಏರಲಿಲ್ಲ. ಏರಿದ್ದರೆ ಅಕ್ಕ ಜಗಳ ಆಡಿ ಹಗುರಾಗುತ್ತಿದ್ದಳು.

೫

ಇಲ್ಲಿ ಅಕ್ಕ ನನ್ನ ಕಡೆ ತಿರುಗಿದಳು. ಅವರು ಕಾರ್ಡು ಮುಟ್ಟುವ ಸಾಲನ್ನು ಹೊಡೆದುಹಾಕಿ ಎಂದಳು. ಆಗದು ಎಂದೆ, ಓದುಗರು ಈಗಾಗಲೇ ಓದಿಯಾಗಿದೆ. ಹಾಗಾದರೆ ಅವರ ಕೈಗೊಂದು ಪೆನ್ನು ಕೊಡಿ, ಅರ್ಜಿಗೆ ಸಹಿ ಹಾಕಿಸಿ, ಉಳಿದದ್ದು ಆಮೇಲೆ ನೋಡಿಕೊಳ್ಳೋಣ ಎಂದಳು. ಕೊಟ್ಟೆ. ಗಡಿಯಾರದವರು ಪೆನ್ನನ್ನು ಒಮ್ಮೆ ತಿರುಗಿಸಿ ನೋಡಿ, ನಿಬ್ಬು ಬಾಗಿದೆ ಎಂದು ಹೇಳಿ ಮೇಜಿನ ಮೇಲಿಟ್ಟರು.

ಅಂತ್ಯಗಳು ನನ್ನ ಬಳಿ ಸಿದ್ಧವಿದ್ದವು. ಒಂದರಲ್ಲಿ ಸಾಸಿವೆ ಹಠಾತ್ತನೆ ಓಡಿ ಬಂದು ಅವರ ಕಾಲು ನೆಕ್ಕುತ್ತದೆ (ವಾದ್ಯ ಬಾರಿಸುವುದೊಂದು ಬಾಕಿ). ಇನ್ನೊಂದರಲ್ಲಿ ಗಡಿಯಾರದವರು ಬೈದು ಹೊರಟುಹೋಗುತ್ತಾರೆ, ವ್ಯಾನ್ ಬರುತ್ತದೆ, ಅಕ್ಕ ಅಳುತ್ತಾಳೆ, ವಿಮರ್ಶಕರು ವಾಸ್ತವ ಎಂದು ತಲೆಯಾಡಿಸುತ್ತಾರೆ. ಎರಡನ್ನೂ ಏಳನೇ ಪಂಜರದ ಬಾಗಿಲಿಗೆ ಅಂಟಿಸಿ ನೋಡಿದೆ. ಎರಡೂ ಕಾರ್ಡುಗಳೇ. ಒಳಗಿನ ನಾಯಿಗೂ ಅವಕ್ಕೂ ಸಂಬಂಧವಿಲ್ಲ.

ಅಕ್ಕ ಕೊನೆಗೆ ತಾನೇ ಬಾಯಿಬಿಟ್ಟಳು.

ಮೊದಲು ಒಯ್ದವರಿಗೆ ಆಟವಾಡುವ ನಾಯಿ ಬೇಕಿತ್ತು. ಮಗು ಚೆಂಡು ಎಸೆದೂ ಎಸೆದೂ ಸುಸ್ತಾಗಿ ಅತ್ತಿತು. ಹನ್ನೊಂದನೇ ದಿನ ವಾಪಸ್. ಎರಡನೆಯವರಿಗೆ ಕಾವಲು ಬೇಕಿತ್ತು. ಆ ಮನೆಯಲ್ಲಿ ಯಾರೋ ಜಿರಳೆ ಹೊಡೆಯಲು ಚಪ್ಪಲಿ ಎತ್ತಿದರು, ಅಷ್ಟೇ. ಸಾಸಿವೆ ಬೀರುವಿನಡಿ ಸೇರಿಕೊಂಡಿದ್ದು ಮೂರು ದಿನ ಹೊರಗೆ ಬರಲಿಲ್ಲ. ಸರಪಳಿ ಹಾಕಿ ಎಳೆದು ತಂದರು. ಇದನ್ನೆಲ್ಲ ಅಕ್ಕ ಒಟ್ಟಿಗೆ ಸೇರಿಸಿ ಯಾರಿಗೂ ಹೇಳಿರಲಿಲ್ಲ, ತನಗೂ ಹೇಳಿಕೊಂಡಿರಲಿಲ್ಲ.

"ಅವರು ವಾಪಸ್ ಕೊಟ್ಟಿದ್ದು ನಾನು ಬರೆದ ನಾಯೀನ ಸರ್," ಎಂದಳು. "ಇದನ್ನ ಯಾರೂ ಕರ್ಕೊಂಡೇ ಹೋಗಿಲ್ಲ."

ಮೋರಿಗೆ ನೀರು ಬಿಡುತ್ತಿದ್ದ ತಾತ ನಲ್ಲಿ ನಿಲ್ಲಿಸಿದ. ನಾನೂ ಬರೆಯುವುದನ್ನು ನಿಲ್ಲಿಸಿದೆ. ಅಕ್ಕನ ಕಸುಬಿಗೂ ನನ್ನದಕ್ಕೂ ಅಂಥ ವ್ಯತ್ಯಾಸವೇನಿಲ್ಲ ಎಂಬುದು ನನಗೆ ಆಗ ಚೆನ್ನಾಗಿಯೇ ತಟ್ಟಿತು. (ಇದನ್ನು ಓದಿ ಹೌದು ಹೌದು ಎನ್ನಬೇಡಿ. ಸುಮ್ಮನಿರಿ.)

೬

ಗಡಿಯಾರದವರು ತಿರುಗಿ ಹೋಗಲಿಲ್ಲ. ಒಂದು ಸ್ಟೂಲು ಕೇಳಿದರು.

"ಎಳ್ಕೊಂಡು ಹೋಗೋದಾದ್ರೆ ನನಗೆ ಬೇಡ. ಮೂರನೇ ಸಲನೂ ವಾಪಸ್ ತಂದ ಪಾಪ ನನಗ್ಯಾಕೆ? ಬಾಗಿಲು ತೆಗೆದಿಡಿ. ನಾನು ಬೆನ್ನು ಹಾಕಿ ಕೂತ್ಕೋತೀನಿ. ಬಂದ್ರೆ ಬರ್ಲಿ."

"ಬರದಿದ್ರೆ?"

"ನಾಳೆನೂ ಬಂದು ಕೂತ್ಕೋತೀನಿ. ನಾಡಿದ್ದೂ. ನನಗೇನು ಅವಸರ?"

"ನಾಳೆ ಅದು ಇಲ್ಲಿರಲ್ಲ ಸರ್," ಎಂದಳು ಅಕ್ಕ. ಐದು ಗಂಟೆಯ ವಿಷಯ ಹೇಳಿದಳು.

ಅವರು ಕೈಗಡಿಯಾರ ನೋಡಲಿಲ್ಲ. ಕಟ್ಟಿಕೊಂಡೇ ಇರಲಿಲ್ಲ. ಗೋಡೆಯ ಗಡಿಯಾರ ನಾಲ್ಕೂ ಹದಿನೆಂಟು ತೋರಿಸುತ್ತಿತ್ತು. ಅದು ದಿನಕ್ಕೆರಡು ನಿಮಿಷ ಮುಂದೆ ಓಡುತ್ತದೆ ಎಂದು ಸದ್ದು ಕೇಳಿಯೇ ಹೇಳಿ, ಸ್ಟೂಲನ್ನು ಪಂಜರದಿಂದ ನಾಲ್ಕು ಹೆಜ್ಜೆ ದೂರಕ್ಕೆ ಎಳೆದುಕೊಂಡು, ಬೆನ್ನು ಮಾಡಿ ಕುಳಿತರು. ಎಷ್ಟು ಹೆಜ್ಜೆ ಎಂದು ಅಕ್ಕ ಅವರಿಗೆ ಹೇಳಿರಲಿಲ್ಲ. (ನಾನೂ ಹೇಳಿರಲಿಲ್ಲ. ಆಣೆ ಮಾಡಬಲ್ಲೆ.)

ತಾತ ಚಿಲಕ ತೆಗೆದು ಬಾಗಿಲನ್ನು ಗೋಡೆಗೆ ಒರಗಿಸಿ, ಪೊರಕೆಯನ್ನು ಕಣ್ಣಿಗೆ ಬೀಳದಂತೆ ಹೊರಗೆ ಒಯ್ದ.

ನಾಲ್ಕೂವರೆ. ಸಾಸಿವೆ ಅಲ್ಲಾಡಲಿಲ್ಲ. ನೆಟ್ಟಗಿದ್ದ ಕಿವಿ ಮಾತ್ರ ಬಾಗಿಲ ಕಡೆಗಿತ್ತು. ನಾಲ್ಕೂ ನಲವತ್ತು. ಎಂಟನೇ ಪಂಜರದ ಕುಂಟು ನಾಯಿ ಆಕಳಿಸಿತು. ಅಕ್ಕನಿಗೆ ಅದರ ಮೇಲೆ ಸಿಟ್ಟು ಬಂತು. ಹತ್ತು ಸಲ ಕರೆಯಬೇಕೆನಿಸಿತು. ಕರೆದರೆ ಮೂಲೆಗೆ ಸರಿಯುತ್ತದೆಂದು ಗೊತ್ತಿದ್ದದ್ದರಿಂದ ನಾಲಗೆಯನ್ನು ಹಲ್ಲಿನ ಹಿಂದೆ ಒತ್ತಿ ಹಿಡಿದಳು. ಅವಳಿಗೆ ಸಾಸಿವೆಯ ಎದೆ ಏರಿಳಿಯುವುದು ಕಾಣುತ್ತಿತ್ತು. ಒಮ್ಮೆ ಅದರ ಮುಂಗಾಲು ಚಾಪೆಯ ಅಂಚಿನವರೆಗೆ ಬಂತು. ಅಲ್ಲೇ ಇತ್ತು.

ಆಗಲೇ ಹೊರಗೆ ವ್ಯಾನಿನ ಸದ್ದು. ಹತ್ತು ನಿಮಿಷ ಬೇಗ.

ಮುಂಗಾಲು ಒಳಕ್ಕೆ ಹೋಯಿತು.

೭

ಅಕ್ಕ ಗೇಟಿನ ಕಡೆ ಓಡಲು ಎದ್ದಳು. ಗಡಿಯಾರದವರು ಮುಖ ತಿರುಗಿಸದೆಯೇ ಅವಳನ್ನು ತಡೆದರು.

"ನಡೆದು ಹೋಗಿ ಅಮ್ಮ. ಹೋದ ಮೇಲೆ ಹಿಂದೆ ನೋಡ್ಬೇಡಿ. ಅದು ನಿಮ್ಮ ಮುಖ ಓದುತ್ತೆ, ಅಲ್ಲಿ ಈಗ ಒಳ್ಳೇದೇನೂ ಬರೆದಿಲ್ಲ."

ನಡೆದು ಹೋದಳು. ಗೇಟಿನ ಚಿಲಕವನ್ನು ಎರಡೂ ಕೈಯಲ್ಲಿ ಹಿಡಿದು, ಶೆಡ್ಡಿಗೆ ಬೆನ್ನು ಮಾಡಿ ನಿಂತಳು. ವ್ಯಾನಿನ ಹಿಂಬದಿಯಿಂದ ಮರಿಗಳ ಕುಂಯ್‌ಗುಟ್ಟುವಿಕೆ ಕೇಳುತ್ತಿತ್ತು. ಅವು ಇನ್ನೂ ಕಣ್ಣು ಬಿಡದವು. ಅವಕ್ಕೂ ಒಂದು ಚಾಪೆ, ಒಂದು ಗೋಡೆ ಬೇಕು. ಆ ಸದ್ದಿನ ಮೇಲೆ ಸಿಟ್ಟಾಗಲು ಅಕ್ಕ ಪ್ರಯತ್ನಿಸಿದಳು, ಆಗಲಿಲ್ಲ.

ಡ್ರೈವರ್ ಇಳಿದು ಬಂದು, ಚಿಲಕದ ಮೇಲಿದ್ದ ಅವಳ ಕೈ ನೋಡಿದ. ಒಳಗೊಬ್ಬರು ಕೂತಿದ್ದಾರೆ, ಸ್ವಲ್ಪ ತಡಿ ಎಂದು ಅವಳು ಮೆಲುದನಿಯಲ್ಲಿ ವಿವರಿಸಿದಳು. ಅವನಿಗೆ ಅರ್ಧ ಅರ್ಥವಾಯಿತು.

"ಬೇಗ ಬಂದಿದ್ದು ನನ್ನ ತಪ್ಪು ಅಕ್ಕ, ಐದರವರೆಗೆ ಇರ್ತೀನಿ," ಎಂದ. "ಐದಾದ ಮೇಲೆ ತಪ್ಪು ನಿಮ್ಮದು."

ಹೋಗಿ ಇಂಜಿನ್ ಆರಿಸಿದ. ಸದ್ದು ನಿಂತಿತು.

೭, ಮುಂದುವರಿದು

ಮುಂದೇನಾಯಿತು ಎಂದು ನೀವು ಕೇಳುತ್ತೀರಿ. ಕೇಳಬೇಕಾದದ್ದೇ. ಆದರೆ ಮೊದಲಿನಿಂದಲೂ ನಾನು ಅಕ್ಕನ ಹೆಗಲ ಮೇಲೆ ಕೂತೇ ಕಥೆ ಹೇಳುತ್ತಿದ್ದೇನೆ. ಅವಳ ಮುಖ ರಸ್ತೆಯ ಕಡೆಗಿದೆ. ಅವಳಿಗೆ ಕಾಣುವುದು ವ್ಯಾನಿನ ಬಾನೆಟ್ಟು, ಡ್ರೈವರನ ಮೊಣಕೈ, ಎದುರಿನ ಅಂಗಡಿಯ ಅರ್ಧ ಎಳೆದ ಷಟರ್. ಕತ್ತು ತಿರುಗಿಸಿದರೆ ನನಗೆ ಎಲ್ಲ ತಿಳಿಯುತ್ತದೆ. ತಿಳಿದ ಕ್ಷಣವೇ ಕೆಡಲೂಬಹುದು.

ಅಕ್ಕ ನನ್ನನ್ನು ಬೇಡಿಕೊಂಡಳು. ನೀವಾದರೂ ನೋಡಿ, ನನಗೆ ಹೇಳಬೇಡಿ, ನಿಮ್ಮ ಪಾಡಿಗೆ ನೋಡಿಟ್ಟುಕೊಳ್ಳಿ ಎಂದಳು. ನಾನು ನೋಡಲಿಲ್ಲ. ಇಡೀ ಕಥೆಯಲ್ಲಿ ನಾನು ಮಾಡಿದ ಒಂದೇ ಒಂದು ಒಳ್ಳೆಯ ಕೆಲಸ ಅದಿರಬಹುದು.

ಹಿಂದಿನಿಂದ ಚಾಪೆ ಸರಿದ ಸದ್ದು.

ಆಮೇಲೆ ಸಿಮೆಂಟಿನ ಮೇಲೆ ಉಗುರು. ಒಂದು. ತುಂಬ ಹೊತ್ತು ಬಿಟ್ಟು ಇನ್ನೊಂದು. ಮೂಲೆಯತ್ತಲೋ ಬಾಗಿಲತ್ತಲೋ ಅಕ್ಕನಿಗೆ ತಿಳಿಯದು. ಡ್ರೈವರ್ ಮಾತ್ರ ಆ ಕಡೆ ನೋಡಬಲ್ಲ. ಅವನ ಮುಖದಿಂದ ಏನಾದರೂ ಗೊತ್ತಾದೀತೆಂದು ಅವಳು ಕಣ್ಣೆತ್ತಿದಳು. ಅವನು ಕನ್ನಡಿ ಒರೆಸುತ್ತಿದ್ದ.

ಬನ್ನಿ, ನೀವೂ ಅವಳ ಪಕ್ಕದಲ್ಲಿ ನಿಲ್ಲಿ. ಮುಖ ಈಚೆ ಇರಲಿ. ಕರೆಯಬೇಡಿ, ಕೈ ಚಾಚಬೇಡಿ. ಉಸಿರು ಸಣ್ಣಗಿರಲಿ.

ಅದು ಇನ್ನೂ ನಡೆಯುತ್ತಿದೆ.