ತವರಿನಿಂದ ಹೋದ ಬಾಳೆಕಂದು

ಅಣವೀರಪ್ಪನ ತೋಟದಲ್ಲಿ ಆ ವರ್ಷವೂ ಬಾಳೆಯ ಎಲೆ ಹಳದಿಯಾಯಿತು. ಕಮಲಾಪುರದ ಕೆಂಪು ಬಾಳೆ ಎಂದರೆ ಕಲಬುರ್ಗಿ ಪೇಟೆಯಲ್ಲಿ ಹೆಸರು ಹೇಳಿ ಕೇಳಿ ಕೊಳ್ಳುವ ಹಣ್ಣು. ಅಂಥ ಗಿಡದ ಕೆಳಗಿನ ಎಲೆಗಳು ಅಂಚಿನಿಂದ ಒಣಗುತ್ತ ಬಂದು ದಿಂಡಿನ ಸುತ್ತ ಜೋತುಬಿದ್ದವು. ಅವನ ಹೆಂಡತಿ ಚಂದಮ್ಮ ಕುಡುಗೋಲು ಹಾಕಿ ಒಂದು ಗಿಡದ ಬುಡ ಸೀಳಿದಳು. ಬೆಳ್ಳಗಿರಬೇಕಾದ ಒಳಭಾಗದಲ್ಲಿ ಕಂದುಬಣ್ಣದ ಗೆರೆಗಳು ಓಡಿದ್ದವು, ಕೆಟ್ಟ ವಾಸನೆ ಬಂತು.

"ನೀರು ಹೆಚ್ಚಾಗ್ಯಾದ," ಎಂದ ಅಣವೀರಪ್ಪ.

"ಹೋದ ವರ್ಷ ನೀರು ಕಡಿಮಿ ಆಗ್ಯಾದ ಅಂದಿದ್ರಿ," ಎಂದಳು ಚಂದಮ್ಮ. ಅವನು ನೀರಿನ ಮಡಿ ಕಟ್ಟುವುದಕ್ಕೆ ಹೋದ.

ಪೊಲೀಸ್ ಕಾರ್ಯಾಚರಣೆ ಮುಗಿದು ಮೂರನೆಯ ವರ್ಷ ಅದು. ನಿಜಾಮರ ದರ್ಬಾರು ಹೋಯಿತು, ಜನರ ಎದೆಯ ಅಂಜಿಕೆ ಮಾತ್ರ ಹೋಗಲಿಲ್ಲ. ಹೋಗುವುದಾದರೂ ಹೇಗೆ? ಕಾಗದ ಪೆನ್ನು ಹಿಡಿದು ಬಂದವನು ಎಷ್ಟು ಬೆಳೆದಿದ್ದೀರಿ ಎಂದು ಕೇಳಿದರೆ, ಅವನ ಹಿಂದೆಯೇ ಸರಕಾರಕ್ಕೆ ಕಡ್ಡಾಯವಾಗಿ ಕೊಡಬೇಕಾದ ಲೇವಿ ಜೋಳ ಒಯ್ಯುವ ಬಂಡಿ ಬರುತ್ತಿತ್ತು. ಅದಕ್ಕೇ ಊರವರು ಒಂದು ಉತ್ತರ ಬಾಯಿಪಾಠ ಮಾಡಿಕೊಂಡಿದ್ದರು. ಯಾವ ಅಧಿಕಾರಿ ಏನು ಕೇಳಿದರೂ, "ಏನಿಲ್ರಿ ಸಾಹೇಬ್ರ, ಹ್ಯಾಂಗೋ ನಡದದ."

ಕೃಷಿ ಇಲಾಖೆಯ ಕಾಮದಾರ ಮರೆಪ್ಪ ಇದೇ ಸೀಮೆಯವನು. ಊರೂರು ತಿರುಗಿ ಬೀಜ, ಔಷಧಿ ಮುಟ್ಟಿಸುವುದು ಅವನ ಕೆಲಸ. ಅಂದು ಸಂಜೆ ಅವನು ಅಣವೀರಪ್ಪನ ಕಟ್ಟೆಯ ಮೇಲೆ ಬಂದು ಕೂತ.

"ಕಾಕಾ, ನಾಳಿಗೆ ಕಲಬುರ್ಗಿ ಸರಕಾರಿ ಫಾರ್ಮಿನ ಸಾಹೇಬ್ರು ಚಾವಡಿಗೆ ಬರ್ತಾರ. ಮುಂದಿನ ವರ್ಷ ಯಾವ ಬೆಳಿ ಮ್ಯಾಲ ಪ್ರಯೋಗ ಮಾಡಬೇಕು ಅಂತ ಕೇಳ್ತಾರ. ಬಾಳಿ ಬ್ಯಾನಿ ಹೇಳ್ರಿ."

"ಹೇಳಿದ್ರ ತೋಟ ಅಳೀತಾರ. ಜೋಳ ಆತು, ಇನ್ನ ಬಾಳಿಗೂ ಲೇವಿ ಕೂಡಸ್ತಾರ. ನೀ ಸರಕಾರದ ಸಂಬಳ ತಿನ್ನಾವ, ನಿನಗೇನು."

"ಫಾರ್ಮಿನ್ಯಾಗ ಇರೋದು ತುಸು ಹೊಲ, ತುಸು ಮಂದಿ. ಎಲ್ಲಾ ಒಮ್ಮಿಗೇ ನೋಡಾಕ ಆಗಂಗಿಲ್ಲ. ನೀವು ಹೇಳಿದ್ರ ಅದನ್ನ ಮೊದಲ ಹಿಡೀತಾರ. ಹೇಳದಿದ್ರ ಅವರಿಗೆ ತಿಳದದ್ದು ಹಿಡೀತಾರ."

"ಹಿಡೀಲಿ," ಎಂದ ಅಣವೀರಪ್ಪ.

ಮರುದಿನ ಚಾವಡಿಯಲ್ಲಿ ಸಾಹೇಬರು ಕೇಳಿದರು, ಗಂಡಸರೆಲ್ಲ ಬಾಯಿಪಾಠ ಒಪ್ಪಿಸಿದರು. ಬುಡ ಸೀಳಿ ನೋಡಿದವಳು ಚಂದಮ್ಮ. ಅವಳನ್ನು ಯಾರೂ ಕರೆಯಲಿಲ್ಲ, ಅವಳೂ ಹೋಗಲಿಲ್ಲ. ತೊಂದರೆ ಇಲ್ಲ ಎಂದವರ ತೊಂದರೆ ಯಾರಿಗೆ ಕಾಣಬೇಕು? ಮರುವರ್ಷ ಫಾರ್ಮಿನ ಹೊಲವೆಲ್ಲ ಹತ್ತಿಯ ಪ್ರಯೋಗಕ್ಕೆ ಹೋಯಿತು.

ಅಣವೀರಪ್ಪನ ಮನೆತನದಲ್ಲಿ ಒಂದು ರೂಢಿ ಇತ್ತು. ಮಗಳು ಗಂಡನ ಮನೆಗೆ ಹೊರಟಾಗ ಉಡಿಯಕ್ಕಿಯ ಜೊತೆ ತೋಟದ ಬಾಳೆಕಂದು ಕೊಡಬೇಕು. ಅಲ್ಲಿ ಅದು ಗೊನೆ ಬಿಟ್ಟರೆ ಮಗಳು ಬೇರು ಬಿಟ್ಟಳೆಂದು ಅರ್ಥ. ಆ ಬೇಸಿಗೆಯಲ್ಲಿ ಮಗಳು ಸೂಗಮ್ಮ ಮಹಾಗಾಂವಿಗೆ ಹೊರಟಳು. ಚಂದಮ್ಮ ಮರೆಪ್ಪನನ್ನು ತೋಟಕ್ಕೆ ಕರೆದು ಕೇಳಿದಳು.

"ಮ್ಯಾಲ ನೋಡಾಕ ಛಲೋ ಅವ. ಈ ಕಂದು ಕಳಸಬಹುದೇನಪ್ಪಾ?"

"ನನಗ ಗೊತ್ತಿಲ್ಲ ಚಿಕ್ಕವ್ವ," ಎಂದ ಮರೆಪ್ಪ. "ಫಾರ್ಮಿನವರ್ನ ಕೇಳೋಣಂದ್ರ, ಬ್ಯಾನಿನೇ ಇಲ್ಲ ಅಂತ ಹೇಳಿ ಕಳಿಸೀವಿ. ಸುಮ್ಮನ ಹ್ಯಾಂಗ ಹೇಳ್ಲಿ?"

ಚಂದಮ್ಮನ ಕೈ ಹಿಂಜರಿಯಿತು. ಆದರೆ ಬರಿಗೈಯಲ್ಲಿ ಕಳಿಸಿದರೆ ಬೀಗರು ಏನೆಂದಾರು? ದುಂಡಗಿನ, ಹಸಿರಾದ ಕಂದುಗಳನ್ನೇ ಆರಿಸಿ, ಒದ್ದೆ ಗೋಣಿ ಸುತ್ತಿ ಬಂಡಿಯಲ್ಲಿಟ್ಟಳು.

ಎರಡು ವರ್ಷದ ಮೇಲೆ ಸೂಗಮ್ಮ ಹೇಳದೆ ಕೇಳದೆ ತವರಿಗೆ ಬಂದಳು. ಗಂಟು ಕೆಳಗಿಡದೆ ಬಾಗಿಲಲ್ಲೇ ನಿಂತಳು.

"ಅತ್ತಿ ಮನಿ ತೋಟ ಹೋಯ್ತವ್ವ. ನಮ್ಮ ಕಂದು ನಟ್ಟ ಸಾಲಿನಿಂದಲೇ ಶುರು ಆತು. ಮಾವ ಎಲ್ಲಾ ಗಿಡ ಕಡದು ಬೆಂಕಿ ಹಚ್ಯಾರ."

"ನಿನಗೇನರ ಅಂದ್ರೇನು?" ಎಂದಳು ಚಂದಮ್ಮ.

"ಏನೂ ಅನ್ನಂಗಿಲ್ಲ. ಅತ್ತಿ ನನ್ನ ಕೂಡ ಮಾತೇ ಬಿಟ್ಟಾಳ."

ಚಂದಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅಣವೀರಪ್ಪ ಅಂದು ಊಟ ಮಾಡಲಿಲ್ಲ.

ಅದೇ ವಾರ ಕಲಬುರ್ಗಿ ಮೋಮಿನಪುರದ ಹಣ್ಣಿನ ವ್ಯಾಪಾರಿ ಇಮಾಮುದ್ದೀನ್ ಬಂದ. ಬಂಡಿ ತುಂಬ ಗೊನೆ ಒಯ್ಯುತ್ತಿದ್ದವನಿಗೆ ಈಗ ಬಂಡಿಯ ತಳವೂ ಮುಚ್ಚುತ್ತಿರಲಿಲ್ಲ.

"ಕಲಬುರ್ಗಿ ಫಾರ್ಮಿನ್ಯಾಗ ಸಭಾ ಅದ. ರೈತರು, ಕಾಮದಾರರು, ಸಾಹೇಬ್ರು ಎಲ್ಲಾರೂ ಕೂಡಿ ಕುಂದರ್ತಾರಂತ. ನಡೀರಿ, ನಾನೂ ಬರ್ತೀನಿ," ಎಂದ ಅವನು.

"ಮತ್ತ ಅವರ ಮುಂದ ಹೋಗಿ ನಿಂದರ್ಲೇನು?" ಎಂದ ಅಣವೀರಪ್ಪ.

ಇಮಾಮುದ್ದೀನ್ ಬಂಡಿಯ ಗಾಲಿಗೆ ಒರಗಿ ನಿಂತ. "ಪೊಲೀಸ್ ಕಾರ್ಯಾಚರಣಿ ಗದ್ದಲದಾಗ ಹೋದ ನನ್ನ ತಮ್ಮ ತಿರುಗಿ ಬರಲಿಲ್ಲ. ಎಲ್ಲಿ ಅಂತ ಅಂಜಿ ಯಾರಿಗೂ ಕೇಳಲಿಲ್ಲ. ಬಾಯಿ ಮುಚ್ಚೋದು ನಾನೂ ಕಲ್ತೀನಿ ಅಣವೀರಪ್ಪ. ಮಗರ್ ಬ್ಯಾನಿ ಮುಚ್ಚಿಟ್ರ ಯಾರಿಗೆ ಫಾಯ್ದಾ?"

ಅಣವೀರಪ್ಪ ಹೆಂಡತಿಯ ಕಡೆ ನೋಡಿದ. "ನೀನೂ ನಡಿ," ಎಂದ. ಚಂದಮ್ಮ ಕೊಳೆತ ಬುಡವೊಂದನ್ನು ಸೀಳಿ, ಗೋಣಿಯಲ್ಲಿ ಸುತ್ತಿಕೊಂಡಳು.

ಸಭೆಯಲ್ಲಿ ಮೊದಲು ಜೋಳದ ತೆನೆ ಕಪ್ಪಾಗಿಸುವ ಕಾಡಿಗೆ ರೋಗದ ಮಾತು ಬಂತು. ಮರೆಪ್ಪ ಎದ್ದು ನಿಂತ. "ಅದಕ್ಕ ಗಂಧಕದ ಪುಡಿ ಅದ. ಬೀಜಕ್ಕ ಹಚ್ಚಿ ಬಿತ್ತಿದ್ರ ಆತು. ಅದನ್ನ ಊರಿಗೆ ಮುಟ್ಟಸೋದು ನಮ್ಮ ಕೆಲಸ, ಅದಕ್ಕ ಫಾರ್ಮಿನ ಹೊಲ ಬ್ಯಾಡ. ಯಾರಿಗೂ ಗೊತ್ತಿಲ್ಲದ್ದಕ್ಕ ಹೊಲ ಇಡ್ರಿ." ಆಗ ಚಂದಮ್ಮ ಗೋಣಿ ಬಿಚ್ಚಿ ಬುಡವನ್ನು ಮೇಜಿನ ಮೇಲಿಟ್ಟಳು. ಹಿಂದಿನ ಸಾಲಿನಿಂದ ಒಬ್ಬೊಬ್ಬರೇ ಎದ್ದರು. ನಮ್ಮೂರಾಗೂ ಹಿಂಗೇ ಅದ, ನಮ್ಮಲ್ಲೂ ಅದ. ಎಲ್ಲರೂ ಮುಚ್ಚಿಟ್ಟಿದ್ದು ಒಂದೇ ಬೇನೆ.

ಇನ್ನೂ ನಡೆದಿದ್ದ ಹತ್ತಿಯ ಪ್ರಯೋಗದ ಅರ್ಧ ಹೊಲ ಬಿಡಿಸಿ ಬಾಳೆಯ ಪ್ರಯೋಗಕ್ಕೆ ಕೊಡಬೇಕೆಂದು ಎಲ್ಲರೂ ಕೂಡಿ ಗೊತ್ತುಮಾಡಿದರು. ಚಂದಮ್ಮ ಕೂತುಕೊಳ್ಳಲಿಲ್ಲ.

"ನನ್ನ ಮಗಳ ತೋಟಕ್ಕ ಏನು ಔಷಧ ರೀ?"

ಸಾಹೇಬರು ತಲೆ ತಗ್ಗಿಸಿದರು. "ಔಷಧ ಇಲ್ಲ ತಾಯಿ. ಈ ಬೇನೆ ಕಂದಿನಿಂದ, ಮಣ್ಣಿನಿಂದ ಹಬ್ಬುತ್ತದೆ ಎಂದು ಬೇರೆ ಸೀಮೆಯವರು ಕಂಡಿದ್ದಾರೆ. ಅಂದು ನೀವು ಒಂದು ಮಾತು ಹೇಳಿದ್ದರೆ ವಿಚಾರಿಸಿ ತಿಳಿಸುತ್ತಿದ್ದೆವು. ಕಂದು ಕೊಡಬೇಡಿ ಎಂದಾದರೂ ಹೇಳುತ್ತಿದ್ದೆವು."

ಬಂಡಿ ಕಮಲಾಪುರದ ದಾರಿ ಹಿಡಿದಾಗ ಅಣವೀರಪ್ಪನೇ ಮೊದಲು ಬಾಯಿಬಿಟ್ಟ.

"ಮಹಾಗಾಂವಿಗೆ ಹೋಗೋಣ. ತಪ್ಪು ಸೂಗಮ್ಮಂದಲ್ಲ, ನಂದು ಅಂತ ಬೀಗರಿಗೆ ಹೇಳ್ತೀನಿ."

ಅವನು ಹೋಗಿ ಹೇಳಿದ. ಬೀಗಿತಿ ಕೇಳಿಸಿಕೊಂಡಳು, ನೀರು ಕೊಟ್ಟಳು. ಸೂಗಮ್ಮನನ್ನು ಒಳಗೆ ಕರೆದಳು. ಸುಟ್ಟ ತೋಟ ಮಾತ್ರ ಹಾಗೆಯೇ ಕರ್ರಗೆ ಬಿದ್ದಿತ್ತು. ಅಲ್ಲಿ ಮತ್ತೆ ಬಾಳೆ ನೆಡಬಹುದೋ ಇಲ್ಲವೋ ಎಂಬುದು ಫಾರ್ಮಿನ ಪ್ರಯೋಗ ಮುಗಿಯುವ ತನಕ ಯಾರಿಗೂ ಗೊತ್ತಾಗುವಂತಿರಲಿಲ್ಲ.

ಇದನ್ನು ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಹೊಲದಲ್ಲೂ ಏನೋ ಒಂದು ಒಣಗುತ್ತಿದೆ. ಕಾಮದಾರ ಬಂದಾಗ "ಹ್ಯಾಂಗೋ ನಡದದ" ಎನ್ನಬೇಡಿ. ಫಾರ್ಮಿನವರ ಸಭೆಗೆ ಹೋಗಿ, ಬುಡ ಸೀಳಿ ನೋಡಿದ ಹೆಂಗಸರನ್ನೂ ಕರೆದುಕೊಂಡು ಹೋಗಿ. ಯಾವುದು ಮೊದಲು ಆಗಬೇಕು ಎಂಬುದನ್ನು ಕೂಡಿ ಕುಳಿತು ನಿಶ್ಚಯಿಸಿ. ನಿಮ್ಮ ಮಗಳ ಬಂಡಿ ಇನ್ನೂ ಹೊರಟಿಲ್ಲ, ಅಷ್ಟರೊಳಗೆ ಹೇಳಿ.